ನಟ್ಟು ಮೊದಲು, ಪೈಪು ಆಮೇಲೆ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಮತ್ತೆ ಅದೇ ತಪ್ಪು ಮಾಡಿದೆ. ನಾಲ್ಕನೇ ಸಲ. ಬ್ರೇಕ್ ಪೈಪಿನ ತುದಿಯನ್ನು ಫ್ಲೇರಿಂಗ್ ಟೂಲಿಗೆ ಕಚ್ಚಿಸಿ, ಹಿಡಿಕೆ ತಿರುಗಿಸಿ, ಎಷ್ಟು ಚೆಂದದ ಪುಟ್ಟ ಅಣಬೆ ಮಾಡಿದ್ದೆ ಅಂದರೆ ಅದರದ್ದೊಂದು ಫೋಟೋ ಬೇರೆ ತೆಗೆದುಕೊಂಡೆ. ಫೋಟೋ ದೊಡ್ಡದು ಮಾಡಿ ನೋಡಿ ಖುಷಿಪಡುವಾಗ ಹಿಂದೆ ಬೆಂಚಿನ ಮೇಲೆ ನಟ್ಟು ಕಾಣಿಸಿತು. ಪೈಪಿಗೆ ಏರಿಸಿರಬೇಕಾದ ನಟ್ಟು. ಆರಾಮಾಗಿ ಕೂತಿತ್ತು.

ಮನೆಯಲ್ಲಿ ಕಾರು ಕಟ್ಟುವವರಿಗೆ ಇಷ್ಟು ಹೇಳಿದರೆ ಸಾಕು, ಎದೆ ಹಿಡಿದುಕೊಳ್ಳುತ್ತಾರೆ. ಉಳಿದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಪೈಪು 4.75 ಮಿಲಿಮೀಟರ್ ದಪ್ಪದ್ದು, ತಾಮ್ರ ನಿಕ್ಕಲ್ ಬೆರೆತದ್ದು. ಅದರ ತುದಿಯನ್ನು ಒತ್ತಿ ಅಗಲ ಮಾಡುವುದೇ ನಟ್ಟು ಆಚೆ ಜಾರದೆ ಅದನ್ನು ಹಿಡಿದು ಬಿಗಿಯಲಿ ಅಂತ. ಅಂದರೆ ನಟ್ಟು ಮೊದಲೇ ಪೈಪಿನ ಮೇಲೆ ಇರಬೇಕು. ಉಂಗುರ ತೊಟ್ಟು ಆಮೇಲೆ ಬೆರಳು ಊದಿಸಿಕೊಂಡ ಹಾಗೆ. ನಾನು ಊದಿದ ಬೆರಳು ಹಿಡಿದುಕೊಂಡು ಉಂಗುರ ಹುಡುಕುವವನು.

ನಾಲ್ಕೂ ಸಲ ಒಂದೇ ಥರ ಕೆಡಿಸಿದೆ ಅಂದುಕೊಳ್ಳಬೇಡಿ, ಅಷ್ಟು ದಡ್ಡನಲ್ಲ. ಮೊದಲನೇ ಸಲ ನಟ್ಟು ಮರೆತೆ. ಎರಡನೇ ಸಲ ನೆನಪಿಟ್ಟುಕೊಂಡು ಹಾಕಿದೆ, ಆದರೆ ಉಲ್ಟಾ, ಥ್ರೆಡ್ ಇರುವ ಕಡೆ ಒಳಗೆ. ಮೂರನೇ ಸಲ ಎರಡು ನಟ್ಟುಗಳನ್ನೂ ಮೊದಲೇ ಏರಿಸಿ, ಎರಡು ತುದಿಯನ್ನೂ ಅಗಲ ಮಾಡಿ, ಗೆದ್ದೆ ಅಂತ ಎದ್ದು ನಿಂತು ನೋಡಿದರೆ ಎರಡೂ ನಟ್ಟು ಒಂದೇ ಕಡೆ ಮುಖ ಮಾಡಿಕೊಂಡು ಬಸ್ಸಿನ ಪ್ರಯಾಣಿಕರ ಹಾಗೆ ಕೂತಿದ್ದವು. ನಾಲ್ಕನೇ ಸಲ, ಇಷ್ಟೆಲ್ಲ ಅನುಭವದ ಬಲದಿಂದ, ಮತ್ತೆ ಮರೆತೆ.

ತಪ್ಪಾದರೆ ಒಂದೇ ದಾರಿ. ತುದಿ ಕತ್ತರಿಸು, ಮೊದಲಿಂದ ಮಾಡು. ಪ್ರತಿ ಸಲ ಪೈಪು ಒಂದಿಷ್ಟು ಗಿಡ್ಡವಾಗುತ್ತದೆ. ಹಿಂದಿನ ಆಕ್ಸಲ್‌ವರೆಗೆ ಹೋಗಬೇಕಿದ್ದ ಉದ್ದನೆಯ ಪೈಪು ಅಲ್ಲಿಗೆ ಮುಟ್ಟಲಿಲ್ಲ, ಹಾಗಾಗಿ ಮುಂದಿನ ಎಡಚಕ್ರಕ್ಕೆ ಇಟ್ಟುಕೊಂಡೆ. ಅಲ್ಲೂ ಎಡವಟ್ಟಾದ ಮೇಲೆ ಅದು, ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಪೈಪುಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಪಕ್ಕದ ತುಂಡಾಯಿತು. ನಿನ್ನೆ ರಾತ್ರಿಯ ನಂತರ ಅದು ಗೇಣುದ್ದವೂ ಇಲ್ಲ. ಟೀ ಕಲಕಬಹುದು. ಮೊದಲೇ ಬಗ್ಗಿಸಿದ್ದರಿಂದ ಹಿಡಿಯಲೂ ಚೆನ್ನಾಗಿದೆ.

ಮೂರನೇ ಸಲ ಆದಾಗ ಹೆಂಡತಿ ಬೆಂಚಿನ ಎದುರು ಗೋಡೆಗೆ ಒಂದು ಚೀಟಿ ಅಂಟಿಸಿದ್ದಳು. "ರೀ, ನಟ್ಟು?" ಅಂತ ಎರಡೇ ಪದ. ಒಳ್ಳೆಯ ಉಪಾಯವೇ. ನಿನ್ನೆ ಅಳತೆ ಬರೆದುಕೊಳ್ಳಲು ಕಾಗದ ಸಿಗಲಿಲ್ಲ ಅಂತ ಆ ಚೀಟಿಯನ್ನೇ ಕಿತ್ತು, ಹಿಂದೆ ಪೈಪಿನ ಅಳತೆ ಬರೆದು, ಜೇಬಿಗೆ ಹಾಕಿಕೊಂಡೆ.

ಇಷ್ಟೆಲ್ಲ ಯಾಕೆ ಅಂದರೆ ಕಾರನ್ನು ರೋಲಿಂಗ್ ಚಾಸಿ ಮಾಡಬೇಕು. ಅಂದರೆ ಚೌಕಟ್ಟಿಗೆ ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕ್, ಚಕ್ರ ಎಲ್ಲ ಕೂತು, ಅದು ಸ್ಟ್ಯಾಂಡುಗಳಿಂದ ಇಳಿದು ಸ್ವಂತ ಕಾಲ ಮೇಲೆ ನಿಲ್ಲುವ ಹಂತ. ಎಂಜಿನ್ ಇಲ್ಲದಿದ್ದರೂ ತಳ್ಳಿದರೆ ಉರುಳಬೇಕು. ಕೇಳಲು ಸುಲಭ. ಆದರೆ ಅದಕ್ಕೆ ತಯಾರಿ ಅಂದರೆ ಮುಕ್ಕಾಲು ಭಾಗ ಕಟ್ಟಿದ್ದನ್ನು ಬಿಚ್ಚುವುದು ಅಂತ ಯಾರೂ ಮೊದಲು ಹೇಳುವುದಿಲ್ಲ. ಎಲ್ಲವನ್ನೂ ಒಂದು ಸಲ ಸುಮ್ನೆ ಜೋಡಿಸಿ ನೋಡಬೇಕು, ಎಲ್ಲಿ ಯಾವುದು ತಗಲುತ್ತದೆ ಅಂತ ಗುರುತು ಹಾಕಬೇಕು, ಪೂರ್ತಿ ಬಿಚ್ಚಬೇಕು, ಚೌಕಟ್ಟನ್ನು ಪೌಡರ್ ಕೋಟಿಂಗಿಗೆ, ಅಂದರೆ ಪುಡಿ ಬಣ್ಣ ಹಾಕಿ ಕಾಯಿಸಿ ಅಂಟಿಸುವುದಕ್ಕೆ, ಕಳಿಸಬೇಕು. ಅದು ಹೊಳೆಯುತ್ತಾ ವಾಪಸ್ ಬಂದಾಗ ಒಂದು ಬೋಲ್ಟೂ ಒಳಗೆ ಹೋಗುವುದಿಲ್ಲ. ಕೋಟಿಂಗ್ ಕೂದಲೆಳೆಯಷ್ಟೇ ದಪ್ಪ, ನಿಜ. ಆದರೆ ತೂತಿನ ಸುತ್ತಲೂ ಕೂತಿರುತ್ತದಲ್ಲ. ಆಸೆಪಟ್ಟು ಮಾಡಿಸಿದ ಬಣ್ಣವನ್ನು ನಾನೇ ಕೂತು ಕೆರೆದೆ.

ಈ ಬಿಚ್ಚಾಟವನ್ನು ಅತ್ಯಂತ ದುಃಖದಿಂದ ನೋಡಿದವರು ಪಕ್ಕದ ಮನೆಯ ಅಂಕಲ್. ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಗ್ಯಾರೇಜಿನ ಬಾಗಿಲಲ್ಲಿ ನಿಂತು "ಎಲ್ಲಿಗೆ ಬಂತಪ್ಪಾ?" ಅನ್ನುತ್ತಾರೆ. ಅವರ ಲೆಕ್ಕದಲ್ಲಿ ನನ್ನ ಕಾರು ಹಿಂದಕ್ಕೆ ಹೋಗುತ್ತಿದೆ. "ಹೋದ ತಿಂಗಳು ಚಕ್ರ ಇತ್ತಲ್ಲ?" ಅಂದರು. ಇತ್ತು ಅಂಕಲ್, ತೆಗೆದೆ. "ಸ್ಟೀರಿಂಗೂ ಇತ್ತು." ಅದನ್ನೂ ತೆಗೆದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಯಾರಾದ್ರೂ ದುಡ್ಡು ವಾಪಸ್ ಕೇಳಿದ್ರಾ?" ಅಂತ ಮೆಲ್ಲಗೆ ಕೇಳಿದರು.

ಕೈಪಿಡಿಯೂ ಏನೂ ಕಮ್ಮಿ ಇಲ್ಲ. "ಮುಂದಿನ ಸಸ್ಪೆನ್ಷನ್ ಜೋಡಿಸಿ" ಅಂತ ಒಂದು ಸಾಲು. ನನಗೆ ಅದು ಮೂರು ವಾರ. ಅದಕ್ಕಿಂತ ದೊಡ್ಡ ತಮಾಷೆ ಸಸ್ಪೆನ್ಷನ್ ಕೀಲುಗಳಲ್ಲಿ ಬೋಲ್ಟಿನ ಸುತ್ತ ಕೂರುವ ರಬ್ಬರ್ ಬುಷ್‌ಗಳದ್ದು. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೇ ಆ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಬೇಕು, ಚಕ್ರ ಗಾಳಿಯಲ್ಲಿ ನೇತಾಡುವಾಗ ಬಿಗಿ ಮಾಡಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸರಿ, ಭಾರ ಎಲ್ಲಿಂದ ತರಲಿ? ಎಂಜಿನ್ ಮೂಲೆಯಲ್ಲಿ ಹೊದ್ದು ಮಲಗಿದೆ. ಹಾಗಾಗಿ ಸದ್ಯಕ್ಕೆ ಎಲ್ಲ ಬೋಲ್ಟೂ ಅರ್ಧ ಬಿಗಿ. ಯಾವುದು ಪೂರ್ತಿ ಬಿಗಿಯಾಯಿತೋ ಅದಕ್ಕೆ ಹಳದಿ ಬಣ್ಣದ ಗೆರೆ ಎಳೆಯುವ ಪದ್ಧತಿ ಮಾಡಿಕೊಂಡಿದ್ದೇನೆ. ಈವರೆಗೆ ಎರಡು ಗೆರೆ. ಅದರಲ್ಲೊಂದು ನನ್ನ ಪ್ಯಾಂಟಿನ ಮೇಲೆ.

ಈ ಕೈಪಿಡಿ ಬರೆಯುವವರ ವಂಶಕ್ಕೇ ಇದು ಅಂಟಿಕೊಂಡಿದೆಯೇನೋ. 1957ರಲ್ಲಿ ಬಂದ ಲೋಟಸ್ ಸೆವೆನ್ ಅನ್ನುವ ಪುಟ್ಟ ಸ್ಪೋರ್ಟ್ಸ್ ಕಾರನ್ನು ಬ್ರಿಟನ್ನಿನಲ್ಲಿ ಬಿಡಿಭಾಗಗಳಾಗಿ ಕೊಂಡರೆ ಪೂರ್ತಿ ಕಾರಿನ ಮೇಲಿನ ಖರೀದಿ ತೆರಿಗೆ ತಪ್ಪುತ್ತಿತ್ತು. ಆದರೆ ಜೋಡಿಸುವ ವಿವರ ಜೊತೆಗೆ ಕೊಡುವ ಹಾಗಿರಲಿಲ್ಲವಂತೆ, ಅದಕ್ಕೆ ಬಿಚ್ಚುವ ವಿವರ ಕೊಟ್ಟು, ಕೊಂಡವರು ಅದನ್ನು ಕೊನೆಯಿಂದ ಓದುತ್ತಿದ್ದರು ಅಂತ ಒಂದು ಕಥೆ ಇದೆ. ಮೊದಲು ಕೇಳಿದಾಗ ನಕ್ಕಿದ್ದೆ. ಈಗ ಅಂಥದ್ದೊಂದು ನನಗೂ ಸಿಗಬಾರದಿತ್ತಾ ಅನ್ನಿಸುತ್ತದೆ. ಬಿಚ್ಚುವುದರಲ್ಲಂತೂ ನನ್ನ ಕೈ ಚೆನ್ನಾಗಿ ಪಳಗಿದೆ.

ನಿನ್ನೆ ಆ ನಟ್ಟು ಬೆಂಚಿನ ಮೇಲೆ ಕಂಡ ಮೇಲೆ ಸ್ಪ್ಯಾನರ್ ಕೆಳಗಿಟ್ಟು, ಒಂದು ದಿಂಬು ತಂದು, ಚೌಕಟ್ಟಿನೊಳಗೆ ಸೀಟು ಬರಬೇಕಾದ ಜಾಗದಲ್ಲಿ ಕೂತೆ. ಕಾಲು ಚಾಚಿದರೆ ಪೆಡಲ್ ಸಿಗುತ್ತದೆ. ಸ್ಟೀರಿಂಗ್ ತಿರುಗಿಸಿದರೆ ಎದುರಿಗೇ ಚಕ್ರ ಕೂರಬೇಕಾದ ಎರಡೂ ಹಬ್‌ಗಳು ತಿರುಗುವುದು ಕಾಣುತ್ತದೆ, ನಡುವೆ ಮರೆ ಏನೂ ಇಲ್ಲ. ಸರಿಯಾಗಿ ಆದ ಒಂದೇ ಒಂದು ಪೈಪು ಬಲಗಡೆ ಚೌಕಟ್ಟಿನ ಅಂಚು ಹಿಡಿದು, ಎಲ್ಲೂ ಜೋಲದೆ, ಮೂಲೆಯಲ್ಲಿ ಮೆತ್ತಗೆ ಹೊರಳಿ ಹೋಗಿದೆ. ಆ ಹೊರಳು ತರಲು ಒಂದು ಭಾನುವಾರ ಹಿಡಿದಿತ್ತು. ಇನ್ನು ಸ್ವಲ್ಪ ದಿನಕ್ಕೆ ಅಲ್ಯೂಮಿನಿಯಂ ಹಾಳೆ ಬಡಿದು ರಿವೆಟ್ ಹೊಡೆದರೆ ಮುಗಿಯಿತು, ಅದು ಅಲ್ಲಿದೆ ಅಂತ ನನಗೊಬ್ಬನಿಗೇ ಗೊತ್ತಿರುತ್ತದೆ. ಲೈಟ್ ಆರಿಸದೆ ಬಹಳ ಹೊತ್ತು ಕೂತಿದ್ದೆ. ಹೆಂಡತಿ ಬಾಗಿಲಿಗೆ ಬಂದು ನೋಡಿ, ಏನೂ ಕೇಳದೆ ಹೋದಳು.

ಇವತ್ತು ಬೆಳಿಗ್ಗೆ ಅಂಕಲ್ ಬಂದರು. ದಿಂಬು ಇನ್ನೂ ಅಲ್ಲೇ ಇತ್ತು. "ಕೂತ್ಕೋಬಹುದಾ?" ಅಂದರು. ಒಂದೊಂದೇ ಕಾಲು ಎತ್ತಿ ಚೌಕಟ್ಟಿನ ಕೊಳವೆ ದಾಟಿಸಿ, ನನ್ನ ಭುಜ ಹಿಡಿದು ನಿಧಾನಕ್ಕೆ ಇಳಿದು ಕೂತರು. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರು. ಹಬ್‌ಗಳು ಎಡಕ್ಕೆ ತಿರುಗಿದವು. ಬಲಕ್ಕೆ ತಿರುಗಿಸಿದರು. ಅಷ್ಟು ತಿಂಗಳಲ್ಲಿ ಮೊದಲ ಸಲ ಅವರು ಎಲ್ಲಿಗೆ ಬಂತು ಅಂತ ಕೇಳಲಿಲ್ಲ. ಇನ್ನೊಂದು ಸಲ ಎಡಕ್ಕೆ ತಿರುಗಿಸಿ, ಸ್ಟೀರಿಂಗಿನ ನಡುವೆ ಹೆಬ್ಬೆರಳಿಂದ ಎರಡು ಸಲ ಒತ್ತಿ, ನನ್ನ ಮುಖ ನೋಡಿದರು.

"ಹಾರ್ನ್ ಇಲ್ವೇನಪ್ಪಾ?"

ಇದೆ ಅಂಕಲ್, ಇರಿ ಅಂದು ಡಬ್ಬ ತಡಕಿದೆ. ಹಾರ್ನ್ ಸಿಕ್ಕಿತು. ಅದರ ನಟ್ಟು ಸಿಗಲಿಲ್ಲ.