ಪ್ರಯಾಣಿಕರ ಸಂಖ್ಯೆ: ನೋಡೋಣ

ಬೇಸಿಗೆಯಲ್ಲಿ ಊಟಿಗೆ ಹೋಗಬೇಕಾದರೆ ಈಗ ಇ-ಪಾಸ್ ಬೇಕು. ಅದಕ್ಕೆ ದುಡ್ಡಿಲ್ಲ, ದೊಡ್ಡ ತಾಪತ್ರಯವೂ ಇಲ್ಲ. ಗಾಡಿ ಸಂಖ್ಯೆ, ಹೋಗುವ ದಿನ, ಬರುವ ದಿನ, ಎಷ್ಟು ಜನ ಎಂದು ತುಂಬಿದರೆ ಆಯಿತು. ನಿನ್ನೆ ರಾತ್ರಿ ಹತ್ತೂವರೆಯಿಂದ ಆ 'ಎಷ್ಟು ಜನ' ಎಂಬ ಚೌಕ ನನ್ನನ್ನು, ನಾನು ಅದನ್ನು ದಿಟ್ಟಿಸುತ್ತಿದ್ದೇವೆ. ಅದಕ್ಕೆ ಬೇಕಾದದ್ದು ಅಂಕಿ. ನಮ್ಮ ಭಾವ ಕೊಟ್ಟಿರುವ ಉತ್ತರ 'ನೋಡೋಣ'.

ನಮ್ಮ ಮನೆಯವರು ಐದು ಜನ, ಅಕ್ಕನ ಮನೆಯವರು ಮೂವರು. ಐದಾದರೆ ನಮ್ಮ ಕಾರು ಸಾಕು, ಎಂಟಾದರೆ ಟೆಂಪೊ ಟ್ರಾವೆಲರ್ ಬೇಕು. ಗಾಡಿ ಯಾವುದೆಂದು ಗೊತ್ತಿಲ್ಲದೆ ಗಾಡಿಯ ಸಂಖ್ಯೆ ಎಲ್ಲಿಂದ ತರಲಿ? ಟ್ರಾವೆಲರ್‌ನವನು ದಿನಕ್ಕೆರಡು ಸಲ ಫೋನ್ ಮಾಡಿ, "ಸಾರ್, ತಮಿಳುನಾಡು ಪರ್ಮಿಟ್ ತೆಗೆಸಬೇಕು, ಬೇಗ ಹೇಳಿ" ಎನ್ನುತ್ತಾನೆ. ಊಟಿ-ಕೂನೂರು ರೈಲಿಗೆ 60 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ. ಆ ಅರವತ್ತೂ ದಿನ ಭಾವ ನೋಡುತ್ತಲೇ ಇದ್ದರು. ಸೀಟುಗಳು ಹೋದವು.

ಈ 'ನೋಡೋಣ' ಇವತ್ತಿನದಲ್ಲ. ಅಕ್ಕನನ್ನು ನೋಡಲು ಬಂದ ದಿನ ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಕೈ ತೊಳೆದ ಭಾವನನ್ನು ಅಪ್ಪ, "ನಮ್ಮ ಹುಡುಗಿ ಒಪ್ಪಿಗೆಯೇ?" ಎಂದು ಕೇಳಿದರಂತೆ. "ನೋಡೋಣ" ಎಂದರಂತೆ ಇವರು. "ನೋಡುವುದಕ್ಕೆಂದೇ ಬಂದಿದ್ದಾನೆ, ಎದುರಿಗೇ ಕೂತಿದ್ದಾಳೆ, ಇನ್ನೇನು ಭೂತಗನ್ನಡಿ ತರಬೇಕೇ?" ಎಂದು ಅಜ್ಜಿ ಅಡುಗೆಮನೆಯಿಂದ ಗೊಣಗಿದ್ದು ಹಜಾರದವರೆಗೂ ಕೇಳಿಸಿತಂತೆ. "ಇನ್ನೊಂದು ಲೋಟ ಕಾಫಿ ಹಾಕಲೇ ಭಾವ?" ಎಂದರೂ ಅದೇ 'ನೋಡೋಣ'. ಬಾಯಿ ಹಾಗೆನ್ನುತ್ತಿರುವಾಗಲೇ ಕೈ ಲೋಟವನ್ನು ಮುಂದೆ ಚಾಚಿರುತ್ತದೆ. ಡಾಕ್ಟರು, "ಸಕ್ಕರೆ ಬಿಡುತ್ತೀರಾ?" ಎಂದಾಗಲೂ ಅದನ್ನೇ ಹೇಳಿದರು. ಆಗ ಮಾತ್ರ ಕೈ ಎಲ್ಲಿಗೂ ಚಾಚಲಿಲ್ಲ.

ನೀಲಗಿರಿಗೆ ಬೇಸಿಗೆಯಲ್ಲಿ ವಾರದ ದಿನ 6,000, ಶನಿವಾರ ಭಾನುವಾರ 8,000 ಗಾಡಿ ಎಂದು ಮದ್ರಾಸ್ ಹೈಕೋರ್ಟು 2025ರಲ್ಲಿ ಮಿತಿ ಹಾಕಿತು. ಒಂದು ಇಡೀ ಬೆಟ್ಟಸಾಲು ಎಷ್ಟು ಗಾಡಿ ತಡೆದೀತು ಎಂದು ನ್ಯಾಯಾಲಯ ಲೆಕ್ಕ ಹೇಳಬಹುದು, ಕುವೆಂಪುನಗರದ ಒಂದು ಮನೆಯಿಂದ ಎಷ್ಟು ಜನ ಹೊರಡುತ್ತಾರೆಂದು ಹೇಳುವವರಿಲ್ಲ.

ಅಮ್ಮನದು ಬೇರೆಯೇ ಚಿಂತೆ. ಮಹಡಿಯ ಮೇಲೆ ಸಂಡಿಗೆ ಇಟ್ಟಿದ್ದಾಳೆ. ಅದು ಒಣಗಬೇಕು, ಕಾಗೆ ಮುಟ್ಟಬಾರದು, ಅಷ್ಟರಲ್ಲಿ ಮಳೆ ಬರಬಾರದು. ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ತೆರೆಯುವುದು ಬೆಳಗ್ಗೆ ಆರಕ್ಕೆ. ಹಾಗಾಗಿ ಮೈಸೂರನ್ನು ನಾಲ್ಕೂವರೆಗೆ ಬಿಡಬೇಕು, ಎರಡೂವರೆಗೆ ಎದ್ದು ಚಿತ್ರಾನ್ನ ಕಲಸಬೇಕು ಎಂದು ಅವಳ ವೇಳಾಪಟ್ಟಿ. ಅಲ್ಲಿ ಪ್ಲಾಸ್ಟಿಕ್ ಬಿಡುವುದಿಲ್ಲವಮ್ಮ ಎಂದರೆ, "ನಾವು ಯಾವತ್ತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದೆವು?" ಎಂದಳು.

ಅದು ನಿಜವೇ. ಅಪ್ಪ ಹಿಂದಿನ ಸಂಜೆ, "ನಾಳೆ ಊಟಿಗೆ ಹೋಗೋಣ" ಎನ್ನುತ್ತಿದ್ದರು, ಅಷ್ಟೇ. ಬಾಳೆಎಲೆಯಲ್ಲಿ ಕಟ್ಟಿದ ಚಿತ್ರಾನ್ನ, ಸ್ಟೀಲ್ ಕೂಜದಲ್ಲಿ ನೀರು, ಕೆಂಪು ಬಸ್ಸು. ಬೊಟಾನಿಕಲ್ ಗಾರ್ಡನ್ನಿನಲ್ಲಿ ಕಲ್ಲಾಗಿ ಹೋದ ಮರವೊಂದಿದೆಯಲ್ಲ, 2 ಕೋಟಿ ವರ್ಷದ್ದು, ಅದರ ಪಕ್ಕದಲ್ಲಿ ತೆಗೆಸಿದ ಫೋಟೊ ಇನ್ನೂ ನಮ್ಮ ಹಜಾರದಲ್ಲಿದೆ. ಮೇ ತಿಂಗಳಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡ ಅಪ್ಪ, ಅವರ ಕೋಟಿನ ಜೇಬಿನೊಳಗೆ ನನ್ನ ಕೈ. ಈಗ ಅಪ್ಪ ಇಲ್ಲ. ಈ ಸಲದ ಪ್ರವಾಸ ಎದ್ದದ್ದೇ, ಆ ಕಲ್ಲುಮರವನ್ನು ಇನ್ನೊಂದು ಸಲ ನೋಡಬೇಕೆಂದು ಅಮ್ಮ ಅಂದದ್ದರಿಂದ.

ಹನ್ನೆರಡು ಹೊಡೆದಾಗ ರೋಸಿಹೋಗಿ 5 ಎಂದು ಒತ್ತಿಬಿಟ್ಟೆ. ಪಾಸು ಬಂತು. ಟ್ರಾವೆಲರ್‌ನವನಿಗೆ ಬೇಡವೆಂದು ಸಂದೇಶ ಕಳಿಸಿ ನೆಮ್ಮದಿಯಾಗಿ ಮಲಗಿದೆ.

ಬೆಳಗ್ಗೆ ಏಳಕ್ಕೆ ಭಾವನ ಫೋನು. "ಗಾಡಿ ಮೊದಲು ನಮ್ಮ ಮನೆಗೆ ಬರುತ್ತದೋ, ನಾವೇ ಅಲ್ಲಿಗೆ ಬರಬೇಕೋ? ಸ್ವೆಟರ್‌ಗಳನ್ನು ಬಿಸಿಲಿಗೆ ಹಾಕಿ ಎರಡು ದಿನವಾಯಿತು."

"ನೀವು ನೋಡೋಣ ಎಂದಿರಲ್ಲ ಭಾವ!"

"ಹೌದು, ಅಂದೆ. ಬರುವುದಿಲ್ಲ ಅಂದೆನೇನು? ಬರದೇ ಇರುವ ಹಾಗಿದ್ದರೆ ಆಮೇಲೆ ಹೇಳುತ್ತೇನೆ ಅನ್ನುತ್ತಿದ್ದೆ."

ಇಪ್ಪತ್ತೆರಡು ವರ್ಷದಿಂದ ಇವರ ಜೊತೆ ಯಾವ ಭಾಷೆಯಲ್ಲಿ ಮಾತನಾಡುತ್ತಿದ್ದೆನೋ ದೇವರಿಗೇ ಗೊತ್ತು. ಟ್ರಾವೆಲರ್‌ನವನ ಕೈಕಾಲು ಹಿಡಿದು ಗಾಡಿ ಉಳಿಸಿಕೊಂಡು, ಮತ್ತೆ ಪಾಸಿನ ಮುಂದೆ ಕೂತು 8 ಎಂದು ಒತ್ತುವಷ್ಟರಲ್ಲಿ ಅಕ್ಕನ ಫೋನು ಬಂತು.

"ಸ್ವಲ್ಪ ತಾಳೋ. ಇವರ ತಮ್ಮನ ಮನೆಯವರನ್ನೂ ಕರೆದೆ. ನಾಲ್ಕು ಜನ. ನೋಡೋಣ ಅಂದಿದ್ದಾರೆ."

ಎಂಟನ್ನು ಅಳಿಸಿ ಹನ್ನೆರಡು ಮಾಡಿದೆ.