ಅಲ್ಜೈಮರ್ಸ್‌ಗೆ ಮೂಲ ಉರಿಯೂತವೇ?

ಪರ: ಕಾವಲು ಕೋಶಗಳೇ ಕೆರಳಿದರೆ

ಪರವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಪೂರ್ತಿ ಒಪ್ಪಿದ್ದೇನೆ ಅಂತಲ್ಲ. ಆದರೆ ಮರೆವಿನ ಕಾಯಿಲೆಯಾದ ಅಲ್ಜೈಮರ್ಸ್‌ಗೆ ಉರಿಯೂತವೇ ಮೂಲ ಅನ್ನೋ ಈ ವಾದವನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ.

ಮಿದುಳಿನಲ್ಲಿ ಮೈಕ್ರೋಗ್ಲಿಯಾ ಅನ್ನೋ ಕಾವಲು ಕೋಶಗಳಿವೆ. ಕಸ ತೆಗೆಯೋದು ಅವುಗಳ ಕೆಲಸ. ಅಮೈಲಾಯ್ಡ್ ಎಂಬ ಪ್ರೋಟೀನ್ ನರಕೋಶಗಳ ನಡುವೆ ಗಟ್ಟಿಯಾಗಿ ಕೂತಾಗ ಇವು ಹೋಗಿ ಮುತ್ತಿಕೊಳ್ಳುತ್ತವೆ. ಮರೆವು ಕಾಣಿಸಿಕೊಳ್ಳುವ 15-20 ವರ್ಷ ಮೊದಲೇ ಈ ಅಮೈಲಾಯ್ಡ್ ಸೇರತೊಡಗುತ್ತದೆ. ಕಾವಲು ಕೋಶಗಳು ಹೀಗೆ ಕೆರಳುವುದೇ ಉರಿಯೂತ. ಅಷ್ಟು ಕಾಲ ಕೆರಳಿಯೇ ಇದ್ದರೆ, ಕಾವಲು ಕೋಶಗಳು ಬಿಡುವ ರಾಸಾಯನಿಕಗಳು ಪಕ್ಕದ ಚೆನ್ನಾಗಿರೋ ನರಕೋಶಗಳನ್ನೂ ಕೆಡಿಸುತ್ತವೆ. ಇಲಿಗಳಲ್ಲಂತೂ ಇವು ನರಕೋಶಗಳ ಕೊಂಡಿಗಳನ್ನೇ ನುಂಗುವುದು ಕಂಡಿದೆ.

2013ರಲ್ಲಿ ಎರಡು ತಂಡಗಳು ಒಂದೇ ಮಾತು ಹೇಳಿದವು. ಟ್ರೆಮ್-2 ಎಂಬ ಜೀನ್‌ನಲ್ಲಿ ಒಂದು ಅಪರೂಪದ ಬದಲಾವಣೆ ಇದ್ದರೆ ಅಲ್ಜೈಮರ್ಸ್ ಅಪಾಯ ಸುಮಾರು 3 ಪಟ್ಟು ಜಾಸ್ತಿ. ಮಿದುಳಿನಲ್ಲಿ ಆ ಜೀನ್ ಕೆಲಸ ಮಾಡೋದು ಮುಖ್ಯವಾಗಿ ಮೈಕ್ರೋಗ್ಲಿಯಾದಲ್ಲೇ. ಉರಿಯೂತ ಬರೀ ಕಾಯಿಲೆಯ ಪರಿಣಾಮ ಅನ್ನುವವರು ಇದಕ್ಕೆ ಉತ್ತರ ಹೇಳಲಿ. ಹುಟ್ಟಿನಿಂದಲೇ ಬಂದ ಜೀನ್ ಕಾಯಿಲೆಯ ಪರಿಣಾಮ ಹೇಗಾಗುತ್ತೆ?

ನೆದರ್ಲೆಂಡ್ಸ್‌ನಲ್ಲಿ ನಡೆದ 2001ರ ರಾಟರ್ಡ್ಯಾಮ್ ಅಧ್ಯಯನದಲ್ಲಿ, ಉರಿಯೂತ ತಗ್ಗಿಸುವ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಿಗೆ ಈ ಕಾಯಿಲೆ ಕಡಿಮೆ ಬಂದದ್ದೂ ಇದೆ. ನನ್ನ ಕಡೆಯಿಂದ ಇಷ್ಟು.

ವಿರೋಧ: ಆ ಮಾತ್ರೆ ಕೊಟ್ಟು ನೋಡಿ ಆಗಿದೆ

ಕೊಟ್ಟು ನೋಡಿ ಆಯ್ತಲ್ಲ ಸ್ವಾಮಿ! ಅಮೆರಿಕದಲ್ಲಿ 70 ದಾಟಿದ, ಹತ್ತಿರದ ರಕ್ತಸಂಬಂಧಿಗೆ ಮರೆವಿನ ಕಾಯಿಲೆ ಇದ್ದ 2,500ಕ್ಕೂ ಹೆಚ್ಚು ಜನರನ್ನು ಆರಿಸಿದರು. ಅವರಿಗಿನ್ನೂ ಕಾಯಿಲೆ ಬಂದಿರಲಿಲ್ಲ. ಕೆಲವರಿಗೆ ನ್ಯಾಪ್ರೊಕ್ಸೆನ್, ಕೆಲವರಿಗೆ ಸೆಲೆಕಾಕ್ಸಿಬ್ (ಎರಡೂ ಅಂಥದ್ದೇ ನೋವಿನ ಮಾತ್ರೆ), ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ಹೃದಯಕ್ಕೆ ಅಪಾಯ ಅನ್ನೋ ಭಯಕ್ಕೆ 2004ರ ಡಿಸೆಂಬರ್‌ನಲ್ಲಿ ಮಾತ್ರೆ ಕೊಡೋದನ್ನೇ ನಿಲ್ಲಿಸಿದರು. ಕಾಯಿಲೆ ಬರೋದು ಕಡಿಮೆ ಆಯ್ತಾ? ಇಲ್ಲ. ಕಾಯಿಲೆ ಬಂದವರಿಗೆ ಉರಿಯೂತ ಇಳಿಸುವ ಪ್ರೆಡ್ನಿಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟರು. ಅದೂ ಇಲ್ಲ. ಮೂಲವೇ ಅದಾಗಿದ್ದರೆ ಒಂದಾದರೂ ನಾಟಬೇಕಿತ್ತು ಅಲ್ವಾ?

ಇನ್ನು ಟ್ರೆಮ್ಮೋ ಟ್ರಾಮೋ, ಅದ್ಯಾರಿಗೋ ಒಬ್ಬರಿಗಿರುವ ಜೀನ್ ಹಿಡಿದುಕೊಂಡು ಊರಿಗೆಲ್ಲ ಒಂದೇ ಕಷಾಯ ಕುಡಿಸಬೇಕಾ?

ನಮ್ಮತ್ತೆಗೆ ಕುಡಿಸಿದ್ದಾಯ್ತು. 'ಎಲ್ಲಾ ಉರಿಯೂತದ ಆಟ' ಅಂತ ನಾದಿನಿ ಎಲ್ಲೋ ಕೇಳಿಕೊಂಡು ಬಂದರು. ಅವತ್ತಿಂದ ಅರಿಶಿನದ ಹಾಲು, ಅರಿಶಿನದ ಕ್ಯಾಪ್ಸೂಲ್. ಅತ್ತೆ ಕ್ಯಾಪ್ಸೂಲ್ ನುಂಗುತ್ತಿರಲಿಲ್ಲ. ಒಂದೊಂದೇ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಏನತ್ತೆ ಅದು ಅಂದರೆ 'ಬಸ್ಸಿಗೆ ಚಿಲ್ಲರೆ ಕಣೇ' ಅನ್ನೋರು. ನಗು ಬರುತ್ತಿತ್ತು, ಸೀರೆ ಒಗೆಯುವಾಗ ಅಳುವೂ ಬರುತ್ತಿತ್ತು, ಹಳದಿ ಕಲೆ ಹೋಗೋದೇ ಇಲ್ಲ. ಆದರೆ ಡಾಕ್ಟರನ್ನು ಕೇಳದೆ ದಿನಾ ಕೊಟ್ಟ ನೋವಿನ ಮಾತ್ರೆಗಳನ್ನು ಮಾತ್ರ ಅತ್ತೆ ನುಂಗಿಬಿಟ್ಟಿದ್ದರು. ಮಲ ಕಪ್ಪಗಾಯ್ತು. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಅಂದರು ಡಾಕ್ಟರು. ಆಸ್ಪತ್ರೆಗೆ ಸೇರಿಸಿ, ರಕ್ತ ಕೊಡಿಸಿ ಕರೆತಂದೆವು. ಮರೆವು ಹೋಗಿರಲಿಲ್ಲ, ನೆನಪು ಇನ್ನೂ ಒಂದು ಮೆಟ್ಟಿಲು ಕೆಳಗಿಳಿದಿತ್ತು.

2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ, ಮರೆವಿನ ಕಾಯಿಲೆಗೆ ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳ ಪಟ್ಟಿ ಕೊಟ್ಟಿತು. ಬಿ.ಪಿ., ಶುಗರ್, ಬೀಡಿ ಸಿಗರೇಟು, ಒಂಟಿತನ, ಮಂದ ಕಿವಿ, ಮಂಜು ಕಣ್ಣು. ಉರಿಯೂತದ ಹೆಸರೇ ಇಲ್ಲ. ಇವೆಲ್ಲ ಉರಿಯೂತದ ಮೂಲಕವೇ ಕೆಲಸ ಮಾಡುತ್ತವೆ ಅಂತ ಯಾರಾದರೂ ಹೇಳಬಹುದು. ಹೇಳಲಿ ಬಿಡಿ. ಅತ್ತೆಗೆ ಕಿವಿ ಕೇಳಿಸದೆ ವರ್ಷಗಳಾಗಿದ್ದವು. ಮಿಷನ್ ಹಾಕಿಸೋಣ ಅಂದಾಗ 'ಈ ವಯಸ್ಸಿಗೆ ಅಷ್ಟು ದುಡ್ಡು ಯಾಕೆ' ಅಂದಿದ್ದು ಇದೇ ನಾದಿನಿ.