ಹುಲಿ ಯಾಕೆ ಸಾಯಬೇಕಿತ್ತು?

ಮೊನ್ನೆ ರಾತ್ರಿ ಅಕ್ಕನ ಮಗಳಿಗೆ ಪುಣ್ಯಕೋಟಿ ಕಥೆ ಹೇಳುತ್ತಿದ್ದೆ. ಎರಡನೇ ಕ್ಲಾಸಿನ ಹುಡುಗಿ. ಹಸು ಕೊಟ್ಟ ಮಾತಿನಂತೆ ವಾಪಸ್ ಬಂತು, ಹುಲಿ ಮೇಲಕ್ಕೆ ನೆಗೆದು ಪ್ರಾಣ ಬಿಟ್ಟಿತು. ಎಂದಿನಂತೆ ನನ್ನ ಗಂಟಲು ಕಟ್ಟಿತ್ತು. ಅವಳು ಎದ್ದು ಕೂತಳು.

"ಮಾಮಾ, ಹುಲಿ ಯಾಕೆ ಸಾಯಬೇಕು? ಅದಕ್ಕೆ ಹಸಿವಾಗಿತ್ತು ಅಷ್ಟೇ ಅಲ್ವಾ?"

"ಯಾವಾಗಲೂ ಸತ್ಯ ಹೇಳಬೇಕು ಅನ್ನೋದು ಈ ಕಥೆಯ ನೀತಿ, ಪುಟ್ಟಿ" ಅಂದೆ.

"ಅದು ಗೊತ್ತು" ಅಂದಳು.

ನನಗೆ ನಾಚಿಕೆಯಾಯಿತು. ಅವಳು ಕೇಳಿದ್ದು ಹುಲಿಯ ವಿಷಯ, ನಾನು ಒಪ್ಪಿಸಿದ್ದು ಪಾಠ.

ಮಕ್ಕಳ ಕಥೆ ಅಂದರೆ ಕೊನೆಗೊಂದು 'ನೀತಿ' ಇರಲೇಬೇಕು ಅನ್ನುವ ಚಾಳಿ ನಮಗೆ ಯಾಕೆ ಅಂಟಿತೋ! ಪುಣ್ಯಕೋಟಿ ಮನಸ್ಸಲ್ಲಿ ಉಳಿಯುವುದು ಕೊಟ್ಟಿಗೆಯ ಆ ಮಾತುಗಳಿಂದ. ಹುಲಿಯ ಬಾಯಿಗೆ ಹೋಗುವ ಮುಂಚೆ ತಾಯಿ ಉಳಿದ ಹಸುಗಳನ್ನು ಬೇಡಿಕೊಳ್ಳುತ್ತದೆ: ನನ್ನ ಕರು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ. ದನ ಸಾಕಿದವರಿಗೆ ಗೊತ್ತು, ಬೇರೆ ಹಸುವಿನ ಕರು ಕೆಚ್ಚಲಿಗೆ ಬಾಯಿ ಹಾಕಿದರೆ ಒದೆ ಗ್ಯಾರಂಟಿ. ಈ ಹಾಡು ಕಟ್ಟಿದವರು ಕೊಟ್ಟಿಗೆ ನೋಡಿದವರೇ ಇರಬೇಕು. ತಬ್ಬಲಿತನ ಅಂದರೇನು ಅಂತ ಮಗುವಿಗೆ ವಿವರಿಸಬೇಕಾಗಿಲ್ಲ, ಆ ಒದೆ ಸಾಕು.

ನಾವು ಓದಿದ ಚಂದಮಾಮದಲ್ಲಿ ಬೇತಾಳ ಇದ್ದ. ಕನ್ನಡದಲ್ಲಿ ಅದು ಶುರುವಾಗಿದ್ದು 1949ರಲ್ಲಿ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದ ರಾಜನ ಆ ಚಿತ್ರ ನೋಡೋಕೆ ಹೆದರಿಕೆ, ನೋಡದೆ ಇರೋಕೂ ಆಗದು. (ಆ ಚಿತ್ರ ಬಿಡಿಸಿದ ಶಂಕರ್ 2020ರಲ್ಲಿ ತೀರಿಕೊಂಡರು.) ಬೇತಾಳ ಯಾವತ್ತೂ ನೀತಿ ಹೇಳಲಿಲ್ಲ. ಕಥೆ ಮುಗಿಸಿ ಪ್ರಶ್ನೆ ಕೇಳುತ್ತಿದ್ದ. ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಾವಿರ ಹೋಳು! ರಾಜನ ಉತ್ತರ ಓದುವ ಮುಂಚೆ ಪುಸ್ತಕ ಮಡಚಿ ನಾನೇ ನ್ಯಾಯ ತೀರಿಸುತ್ತಿದ್ದೆ. ಜಾಸ್ತಿ ಸಲ ತಪ್ಪೇ. ಕೆಲವೊಮ್ಮೆ ರಾಜನದೇ ತಪ್ಪು ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ.

ನಿನ್ನೆ ಕಥೆ ಹೇಳುವ ಸರದಿ ಪುಟ್ಟಿಯದು. ಅವಳ ಹುಲಿ ಸಾಯಲಿಲ್ಲ. "ನೀನು ಮನೆಗೆ ಹೋಗು" ಅಂತ ಪುಣ್ಯಕೋಟಿಯನ್ನು ಕಳಿಸಿ, ಜಿಂಕೆ ಹುಡುಕಿಕೊಂಡು ಹೊರಟಿತು.

"ಆ ಜಿಂಕೆಗೂ ಮರಿ ಇದ್ದರೆ?" ಅಂದೆ.

ಹೊದಿಕೆ ಎಳೆದುಕೊಂಡು ಗೋಡೆ ಕಡೆ ತಿರುಗಿದಳು. ತುಂಬಾ ಹೊತ್ತು ನಿದ್ದೆ ಮಾಡಲಿಲ್ಲ.